ಅಕ್ಬರಿಯನ್ನು ಕತ್ತರಿಸಬೇಡಿ

ಮಕ್ಕಳ ಕೈಗೆ ಒಳ್ಳೆಯ ಪುಸ್ತಕ ಕೊಡಬೇಕು ಎಂದು ಭಾಷಣ ಬಿಗಿಯುವವರಿಗೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ. ಯಾವುದು ಒಳ್ಳೆಯ ಪುಸ್ತಕ ಎಂದು ಅವರನ್ನು ಕೇಳಿ ನೋಡಿ. ಓದಿದ ಮಗು ಎದುರುತ್ತರ ಕೊಡಬಾರದು, ಇದ್ದುದರಲ್ಲೇ ತೃಪ್ತಿಪಡಬೇಕು, ಹೆಣ್ಣುಮಗುವಾದರೆ ಮನೆಗೆಲಸ ಕಲಿಯಬೇಕು. ಅಂದರೆ ಪುಸ್ತಕ ಬೆತ್ತದ ಕೆಲಸ ಮಾಡಬೇಕು, ಸದ್ದು ಮಾತ್ರ ಆಗಬಾರದು. ಶಾಲೆಯ ವಾರ್ಷಿಕೋತ್ಸವಕ್ಕೆ ಬಹುಮಾನವೆಂದು ಕಟ್ಟುಕಟ್ಟಾಗಿ ತರಿಸುವ ಪುಸ್ತಕಗಳನ್ನು ಬಿಚ್ಚಿ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ನೂರು, ನೂರೈವತ್ತು ವರ್ಷ ಹಳೆಯ 'ಲಿಟ್ಲ್ ವಿಮೆನ್', 'ಹೈದಿ', 'ಪಾಲಿಯಾನ' ಮುಂತಾದ ಕಾದಂಬರಿಗಳನ್ನು ಅರವತ್ತು ಎಪ್ಪತ್ತು ಪುಟಕ್ಕೆ ಇಳಿಸಿ, ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಕೊನೆಯಲ್ಲಿ 'ಈ ಕಥೆಯಿಂದ ನೀನು ಕಲಿತ ನೀತಿ ಏನು?' ಎಂಬ ಪ್ರಶ್ನೆಯನ್ನು ಅಂಟಿಸಿರುತ್ತಾರೆ.

ಇದಕ್ಕೆ ಎದುರಾಗಿ ಇನ್ನೊಂದು ಪಂಗಡವಿದೆ. ಸಾಹಿತ್ಯ ಬಲ್ಲವರು. ಇವೆಲ್ಲ ಬರೀ ಸಕ್ಕರೆ ಪಾಕ, ಬಡತನವನ್ನು ನಗುನಗುತ್ತಾ ಸಹಿಸಿಕೋ ಎಂದು ಹೇಳುವ ಅಫೀಮು ಎಂದು ಇವರು ಮೂಗು ಮುರಿಯುತ್ತಾರೆ. 1913ರಲ್ಲಿ ಎಲಿನರ್ ಪೋರ್ಟರ್ ಬರೆದ 'ಪಾಲಿಯಾನ'ದ ನಾಯಕಿಯ ಹೆಸರು ಇಂಗ್ಲಿಷಿನಲ್ಲಿ ಬೈಗುಳವೇ ಆಗಿಹೋಗಿದೆ. ಕಣ್ಣೆದುರು ಮನೆ ಉರಿಯುತ್ತಿದ್ದರೂ ಬೆಳಕು ಚೆನ್ನಾಗಿದೆ ಎನ್ನುವ ಪೆದ್ದರಿಗೆ ಆ ಹೆಸರು. ಗೊಂಬೆ ಬೇಕೆಂದು ಕಾದಿದ್ದ ಬಡ ಪಾದ್ರಿಯ ಮಗಳಿಗೆ ದಾನದ ಪೆಟ್ಟಿಗೆಯಿಂದ ಊರುಗೋಲು ಬಂದಾಗ ಹುಟ್ಟಿದ ಆಟ ಅದು, ಆ ಮಗುವಿಗೆ ಬೇರೆ ಆಟಿಕೆಯೇ ಇರಲಿಲ್ಲ ಎಂಬುದು ಬೈಯುವವರಿಗೆ ನೆನಪಿರುವುದಿಲ್ಲ. ಲೇಖಕಿ 1915ರಲ್ಲಿ ಒಂದು ಮುಂದಿನ ಭಾಗ ಬರೆದಳು, 1920ರಲ್ಲಿ ತೀರಿಕೊಂಡಳು. ಪ್ರಕಾಶಕರು ಬಿಡಲಿಲ್ಲ. ಬೇರೆಯವರ ಕೈಯಲ್ಲಿ ಭಾಗದ ಮೇಲೆ ಭಾಗ ಬರೆಸಿ ಆ ಹುಡುಗಿಯನ್ನು ಮಾರಿದರು. ಸಕ್ಕರೆ ಹೆಚ್ಚಾದದ್ದು ಎಲ್ಲಿ ಎಂದು ಹುಡುಕುವವರು ಅಲ್ಲಿ ಹುಡುಕಲಿ.

ನಮ್ಮ ತಕರಾರು ಇಬ್ಬರೊಂದಿಗೂ ಇದೆ. ಬಹುಮಾನವಾಗಿ ಹಂಚುವವರೂ ಮೂಗು ಮುರಿಯುವವರೂ ಪುಸ್ತಕವನ್ನು ಪೂರ್ತಿ ಓದಿಲ್ಲ. ಓದಿದ್ದರೆ ಮೊದಲನೆಯವರು ಹಂಚಲು ಹೆದರುತ್ತಿದ್ದರು, ಎರಡನೆಯವರು ಬೈಯಲು ನಾಚುತ್ತಿದ್ದರು. ಈ ಪುಸ್ತಕಗಳು ಇಷ್ಟು ಕಾಲ ಬದುಕಿರುವುದು ಅವುಗಳ ಉಪದೇಶದ ಬಲದಿಂದ ಎಂದು ನಾವು ನಂಬುವುದಿಲ್ಲ. ಉಪದೇಶ ಎಷ್ಟು ಪ್ರಯತ್ನಿಸಿದರೂ ಬಗ್ಗಿಸಲಾಗದ ಒಂದು ಹುಡುಗಿ ಅವುಗಳ ಒಳಗೆ ಕುಳಿತಿದ್ದಾಳೆ. ಓದುವ ಮಕ್ಕಳು ನೂರೈವತ್ತು ವರ್ಷಗಳಿಂದ ಅವಳನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಇದನ್ನು ತೋರಿಸಲು ನಮಗೆ ಎರಡು ಪುಸ್ತಕ ಸಾಕು. ಒಂದು ಅಮೆರಿಕದ್ದು, ಇನ್ನೊಂದು ದಿಲ್ಲಿಯದು. ಲೂಯಿಸಾ ಮೇ ಆಲ್ಕಾಟ್‌ಳ 'ಲಿಟ್ಲ್ ವಿಮೆನ್' ಮೊದಲ ಭಾಗ 1868ರಲ್ಲಿ, ಎರಡನೆಯ ಭಾಗ 1869ರಲ್ಲಿ ಬಂತು. ಡಿಪ್ಯುಟಿ ನಜೀರ್ ಅಹ್ಮದ್ ಅವರ 'ಮಿರಾತುಲ್ ಉರೂಸ್', ಅಂದರೆ ಮದುಮಗಳ ಕನ್ನಡಿ, ಅದೇ 1869ರಲ್ಲಿ ಹೊರಬಂತು. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ. ಆದರೂ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ. ಎರಡೂ ಯುದ್ಧದ ಬೂದಿಯ ಮೇಲೆ ಹುಟ್ಟಿದವು. ಅಲ್ಲಿ 1861ರಿಂದ 1865ರವರೆಗಿನ ಅಂತರ್ಯುದ್ಧ, ಇಲ್ಲಿ 1857. ಎರಡರಲ್ಲೂ ಮರ್ಯಾದಸ್ಥ ಕುಟುಂಬ, ಕೈಯಲ್ಲಿ ಕಾಸಿಲ್ಲ. ಕುಲೀನತೆಯ ಹೆಸರು ಉಳಿದಿದೆ, ಅದನ್ನು ಸಾಕುವ ಆದಾಯ ಹೋಗಿದೆ. ಇಂಥ ಹೊತ್ತಿನಲ್ಲಿ ಮನೆ ನಿಲ್ಲಬೇಕಾದರೆ ಹೆಣ್ಣುಮಕ್ಕಳು ನಿಲ್ಲಬೇಕು. ಹಾಗಾಗಿ ಎರಡೂ ಕಡೆ ಹೆಣ್ಣುಮಕ್ಕಳಿಗೆಂದು ಪುಸ್ತಕ ಹುಟ್ಟಿತು.

ನಜೀರ್ ಅಹ್ಮದ್ ಅದನ್ನು ತಮ್ಮ ಮಗಳ ಓದಿಗೆಂದು ಬರೆದರು. ಉರ್ದುವಿನಲ್ಲಿ ಹೆಣ್ಣುಮಗುವಿನ ಕೈಗೆ ಕೊಡುವಂಥದ್ದು ಅವರಿಗೆ ಸಿಗಲಿಲ್ಲ. ಇಂಗ್ಲಿಷ್ ಸರ್ಕಾರ ಮೆಚ್ಚಿ 1000 ರೂಪಾಯಿ ಬಹುಮಾನ ಕೊಟ್ಟಿತು. ಆಲ್ಕಾಟ್‌ಳದು ಬೇರೆ ಕಥೆ. ಹುಡುಗಿಯರಿಗಾಗಿ ಒಂದು ಪುಸ್ತಕ ಬೇಕು ಎಂದು ಬಾಸ್ಟನ್ನಿನ ಪ್ರಕಾಶಕ ಥಾಮಸ್ ನೈಲ್ಸ್ ದುಂಬಾಲು ಬಿದ್ದಿದ್ದ. ಅವಳಿಗೆ ಇಷ್ಟವಿರಲಿಲ್ಲ. ಆದರೆ ತತ್ವಜ್ಞಾನಿ ತಂದೆ ಬ್ರಾನ್ಸನ್ ಆಲ್ಕಾಟ್ ಆದರ್ಶಗಳನ್ನು ಸಂಪಾದಿಸುತ್ತಿದ್ದರೇ ಹೊರತು ಹಣವನ್ನಲ್ಲ. ಸಂಸಾರದ ನೊಗ ಮಗಳ ಹೆಗಲ ಮೇಲಿತ್ತು. ಕುಳಿತು ಕೆಲವೇ ವಾರಗಳಲ್ಲಿ ಮೊದಲ ಭಾಗ ಬರೆದು ಮುಗಿಸಿದಳು.

'ಮಿರಾತುಲ್ ಉರೂಸ್' ಅಕ್ಕತಂಗಿಯರ ಕಥೆ. ಅಕ್ಕ ಅಕ್ಬರಿ ಮುಂಗೋಪಿ, ಅಜ್ಜಿಯ ಮುದ್ದಿನಲ್ಲಿ ಕೆಟ್ಟವಳು, ಅತ್ತೆಯೊಡನೆ ಜಗಳ ಮಾಡಿ ಬೇರೆ ಮನೆ ಮಾಡಿಸಿಕೊಳ್ಳುತ್ತಾಳೆ, ಹಜ್ಜಿನ ವೇಷ ಹಾಕಿ ಬಂದ ಮೋಸಗಾತಿಯ ಕೈಯಲ್ಲಿ ಒಡವೆ ಕಳೆದುಕೊಳ್ಳುತ್ತಾಳೆ. ತಂಗಿ ಅಸ್ಗರಿ ಜಾಣೆ, ಲೆಕ್ಕ ಬಲ್ಲವಳು, ಹದಿಮೂರರ ಹರೆಯದಲ್ಲಿ ಮದುವೆಯಾಗಿ ಬಂದವಳು ಗಂಡನ ಮನೆಯನ್ನೇ ದಡ ಮುಟ್ಟಿಸುತ್ತಾಳೆ, ಕದಿಯುವ ಆಳು ಮಾಮಾ ಅಜ್ಮತ್‌ಳ ಬಣ್ಣ ಬಯಲು ಮಾಡುತ್ತಾಳೆ. ನಾವು ಉರ್ದು ಶಾಲೆಯಲ್ಲಿ ಕಲಿತವರು. ಅಲ್ಲಿ ಅಕ್ಬರಿ ಅಸ್ಗರಿಯರ ಪಾಠ ಮುಗಿದ ಮೇಲೆ ಹುಡುಗಿಯರ ಸಾಲಿಗೆ ಎರಡೇ ಹೆಸರು. ಲೆಕ್ಕ ತಪ್ಪಿದವಳು ಅಕ್ಬರಿ, ದುಪಟ್ಟಾ ಜಾರಿದವಳು ಅಕ್ಬರಿ, ಉಸ್ತಾದರಿಗೆ 'ಯಾಕೆ' ಎಂದು ಕೇಳಿದವಳಂತೂ ಅಕ್ಬರಿಯ ಅಕ್ಕ. ಒಂದು ಹೆಸರು ಬೈಗುಳವಾಗುವುದು ಇಂಗ್ಲಿಷಿನಲ್ಲಿ ಮಾತ್ರ ಅಲ್ಲ.

ಆದರೆ ಒಂದು ಗುಟ್ಟಿದೆ. ಮನೆಗಳಲ್ಲಿ ಈ ಕಿತಾಬನ್ನು ಗಟ್ಟಿಯಾಗಿ ಓದಿದಾಗ ಹೆಂಗಸರು ಬಿದ್ದು ಬಿದ್ದು ನಗುವುದು, ಮತ್ತೆ ಓದು ಎನ್ನುವುದು ಅಕ್ಬರಿಯ ಭಾಗಕ್ಕೆ. ಅವಳ ಮಾತಿನಲ್ಲಿ ದಿಲ್ಲಿಯ ಗಲ್ಲಿಯ ಖಾರವಿದೆ, ಜೀವವಿದೆ. ಅಸ್ಗರಿ ಬಾಯಿ ತೆರೆದರೆ ಡಿಪ್ಯುಟಿ ಸಾಹೇಬರೇ ಮಾತಾಡುತ್ತಾರೆ. ಬರೆದವರ ಕೈ ಉಪದೇಶಕ್ಕೆ ಅಸ್ಗರಿಯನ್ನು ಹಿಡಿದರೂ ಕಲೆಗೆ ಅಕ್ಬರಿಯನ್ನೇ ಹಿಡಿಯಿತು. ನಾವೂ ಕಥೆ ಬರೆಯುವವರು, ಈ ದ್ರೋಹ ಪ್ರತಿ ಕಥೆಗಾರನ ಕೈಯಲ್ಲೂ ನಡೆಯುತ್ತದೆ ಎಂದು ಬಲ್ಲೆವು.

ಆಲ್ಕಾಟ್ ಮಾಡಿದ್ದೇನು? ಅವಳು ಅಕ್ಬರಿಯನ್ನು ಪಾಠದ ಕೆಟ್ಟ ಉದಾಹರಣೆಯಾಗಿ ಮೂಲೆಯಲ್ಲಿ ನಿಲ್ಲಿಸಲಿಲ್ಲ, ಎಳೆದು ತಂದು ಮನೆಯ ನಡುವೆ ಕೂರಿಸಿದಳು. ಅವಳೇ ಜೋ. ಮುಂಗೋಪಿ, ಒರಟು ಮಾತಿನವಳು, ಗಂಡಾಗಿ ಹುಟ್ಟಲಿಲ್ಲವಲ್ಲ ಎಂದು ಕೊರಗುವವಳು, ಅಟ್ಟದಲ್ಲಿ ಕುಳಿತು ಕಥೆ ಗೀಚುವವಳು. ತಾಯಿಯ ಪ್ರಯಾಣಕ್ಕೆ ಹಣವಿಲ್ಲ ಎಂದಾಗ ತನ್ನ ತಲೆಗೂದಲನ್ನು 25 ಡಾಲರಿಗೆ ಮಾರಿ ಬರುವವಳು. ತಂಗಿ ಏಮಿ ಸಿಟ್ಟಿನಿಂದ ಅವಳ ಹಸ್ತಪ್ರತಿಯನ್ನು ಸುಟ್ಟುಹಾಕುತ್ತಾಳೆ. ಜೋ ಕ್ಷಮಿಸುವುದಿಲ್ಲ. ಆಮೇಲೆ ಏಮಿ ಹೆಪ್ಪುಗಟ್ಟಿದ ನದಿಯಲ್ಲಿ ಬಿದ್ದು ಸಾಯುವುದರಿಂದ ಪಾರಾದಾಗ, ತನ್ನ ಕೋಪಕ್ಕೆ ತಾನೇ ಹೆದರಿದ ಮಗಳೊಡನೆ ತಾಯಿ ಒಂದು ಮಾತು ಹೇಳುತ್ತಾಳೆ. ತಾನೂ ಬಾಳಿನುದ್ದಕ್ಕೂ ಹೆಚ್ಚುಕಡಿಮೆ ದಿನದಿನವೂ ಸಿಟ್ಟಿನಲ್ಲೇ ಇದ್ದವಳು, ಅದನ್ನು ತೋರಿಸದಿರಲು ಮಾತ್ರ ಕಲಿತೆ ಎಂಬ ಅರ್ಥದ ಮಾತು. ಶಾಂತಮೂರ್ತಿ ಎಂದು ಎಲ್ಲರೂ ಹೊಗಳುವ ತಾಯಿಯ ಬಾಯಲ್ಲಿ! ಅರವತ್ತು ಪುಟದ ಆವೃತ್ತಿಯಲ್ಲಿ ಈ ಮಾತು ಉಳಿದಿದೆಯೇ ಎಂದು ಹುಡುಕಿ. ಹಾಗೆ ಇಳಿಸಿದ ಪ್ರತಿಗಳಲ್ಲಿ ನಮಗಂತೂ ಅದು ಸಿಕ್ಕಿಲ್ಲ.

ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ ಎಂಬುದೇ ಈ ಪುಸ್ತಕಗಳ ಸಾರ ಎನ್ನುವವರು ಬೆತ್‌ಳ ಕಥೆಯನ್ನು ಏನು ಮಾಡುತ್ತಾರೆ? ನಾಲ್ವರು ಸೋದರಿಯರಲ್ಲಿ ಹೇಳಿದ ಮಾತು ಮೀರದವಳು ಅವಳೊಬ್ಬಳೇ. ತಾಯಿ ಊರಲ್ಲಿಲ್ಲ. ಹುಮ್ಮೆಲ್ ಎಂಬ ಬಡ ಜರ್ಮನ್ ವಲಸಿಗರ ಮನೆಗೆ ಹೋಗಿ ನೋಡಿಕೊಂಡು ಬರಬೇಕು. ದೊಡ್ಡ ಅಕ್ಕಂದಿರು ಆ ನೆಪ ಈ ನೆಪ ಹೇಳಿ ಕೂರುತ್ತಾರೆ. ಬೆತ್ ಹೋಗುತ್ತಾಳೆ. ಆ ಮನೆಯ ಕೂಸು ಅವಳ ಮಡಿಲಲ್ಲೇ ಸಾಯುತ್ತದೆ, ಜ್ವರ ಇವಳಿಗೆ ಅಂಟುತ್ತದೆ. ಬದುಕಿಕೊಂಡರೂ ಮತ್ತೆ ಚೇತರಿಸಿಕೊಳ್ಳುವುದಿಲ್ಲ, ಎರಡನೆಯ ಭಾಗದಲ್ಲಿ ಸಾಯುತ್ತಾಳೆ. ವಿಧೇಯತೆಯೇ ಕೊಂದ ಮಗು ಅದು. ಮೈಗಳ್ಳತನ ಮಾಡಿದವರು ಬದುಕಿ ಮದುವೆಯಾಗುತ್ತಾರೆ. ಇದಕ್ಕೆ ಯಾವ ನೀತಿ ಜೋಡಿಸುತ್ತೀರಿ, ಪ್ರಶ್ನಪತ್ರಿಕೆ ಬರೆಯುವ ಮಹನೀಯರೇ?

ದಿಲ್ಲಿಯ ಪುಸ್ತಕದಲ್ಲೂ ಹೀಗೆಯೇ. ಎಲ್ಲವನ್ನೂ ಸರಿಯಾಗಿ ಮಾಡಿದ ಅಸ್ಗರಿ, ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸಿದ ಅಸ್ಗರಿ, ತನ್ನ ಮಕ್ಕಳನ್ನು ಮಣ್ಣಿಗೆ ಕೊಡುತ್ತಾಳೆ. ದೂರದೂರಿನಿಂದ ತಂದೆ ಬರೆದ ಸಾಂತ್ವನದ ಪತ್ರ ಪುಸ್ತಕದ ಕೊನೆಯ ಭಾಗದಲ್ಲಿದೆ. ಆ ಪತ್ರದಲ್ಲಿ ಧರ್ಮಶ್ರದ್ಧೆ ಇದೆ, ಸಬ್ರ್ ಇದೆ, ತರ್ಕವೂ ಇದೆ, ಆದರೆ ಲೆಕ್ಕ ಮಾತ್ರ ಹೊಂದುವುದಿಲ್ಲ. ಒಳ್ಳೆಯವಳಾಗಿದ್ದಕ್ಕೆ ಅವಳಿಗೆ ಸಿಕ್ಕ ಕೂಲಿ ಎಲ್ಲಿ? ನಜೀರ್ ಅಹ್ಮದ್ ಪ್ರಾಮಾಣಿಕರು, ಕೂಲಿ ಕೊಡಿಸಲಿಲ್ಲ. ನಾವು ಓದಿದ ಪಠ್ಯದಲ್ಲಿ ಅಕ್ಬರಿಯ ಒಡವೆ ಹೋದದ್ದು ಇತ್ತು, ಅಸ್ಗರಿಯ ಮಕ್ಕಳು ಹೋದದ್ದು ಇರಲಿಲ್ಲ. ಮುಂಗೋಪಿಗೆ ಶಿಕ್ಷೆಯಾದದ್ದು ಮಕ್ಕಳಿಗೆ ತಿಳಿಯಬೇಕು, ಜಾಣೆಗೂ ದುಃಖ ತಪ್ಪಲಿಲ್ಲ ಎಂಬುದು ತಿಳಿಯಬಾರದು!

ಇನ್ನು ಮುಂದಿನ ಭಾಗಗಳ ಮಾತು. ಗೆದ್ದ ಪುಸ್ತಕಕ್ಕೆ ಮುಂದುವರಿಕೆ ಬೇಕು ಎಂಬುದು ಓದುಗರ ಹಸಿವೂ ಹೌದು, ಪ್ರಕಾಶಕರ ಹಸಿವೂ ಹೌದು. 'ಲಿಟ್ಲ್ ವಿಮೆನ್' ಮೊದಲ ಭಾಗ ಬಂದೊಡನೆ ಹುಡುಗಿಯರ ಪತ್ರಗಳು ಬರತೊಡಗಿದವು. ಎಲ್ಲರದೂ ಒಂದೇ ಪ್ರಶ್ನೆ, ಯಾರು ಯಾರನ್ನು ಮದುವೆಯಾಗುತ್ತಾರೆ? ಪಕ್ಕದ ಮನೆಯ ಲಾರಿಗೆ ಜೋಳನ್ನು ಕೊಡುವುದೇ ಇಲ್ಲ ಎಂದು ಆಲ್ಕಾಟ್ ಹಟ ಹಿಡಿದಳು. ತಾನಂತೂ ಕೊನೆಯವರೆಗೂ ಮದುವೆಯಾಗದ ಅವಳಿಗೆ ಜೋ ಕೂಡ ಬರೆಯುತ್ತಾ ಒಂಟಿಯಾಗಿಯೇ ಉಳಿಯಲಿ ಎಂಬ ಆಸೆಯಿತ್ತು. ಒತ್ತಾಯಕ್ಕೆ ಮಣಿದು, ಸ್ವಲ್ಪ ಕುಚೋದ್ಯದಿಂದಲೇ, ವಯಸ್ಸಾದ ಜರ್ಮನ್ ಪ್ರೊಫೆಸರ್ ಬಾಯರ್‌ನನ್ನು ತಂದು ಗಂಟು ಹಾಕಿದಳು. ಅವನು ಬಂದು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಜೋ ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆಯುತ್ತಿದ್ದ ರೋಮಾಂಚಕ ಕಥೆಗಳ ಬಗ್ಗೆ ಮುಖ ಸಿಂಡರಿಸಿದ್ದು. ನಾಚಿದ ಜೋ ಅವುಗಳನ್ನೆಲ್ಲ ಒಲೆಗೆ ಹಾಕುತ್ತಾಳೆ. ಹಿಂದೆ ತಂಗಿ ಸುಟ್ಟಾಗ ಕ್ಷಮಿಸದವಳು ಈಗ ತಾನೇ ಸುಡುತ್ತಾಳೆ. ಇದನ್ನೇ ಉದ್ಧಾರ ಎಂದು ಕರೆಯುತ್ತಾರೆ.

ದಿಲ್ಲಿಯಲ್ಲೂ ಒಲೆ ಉರಿಯಿತು. ನಜೀರ್ ಅಹ್ಮದ್ ಅವರ ಇನ್ನೊಂದು ಕಾದಂಬರಿ 'ತೌಬತುನ್ನಸೂಹ್'ನಲ್ಲಿ ಕಾಲರಾದಿಂದ ಬದುಕುಳಿದು ಕನಸಿನಲ್ಲಿ ಪರಲೋಕದ ವಿಚಾರಣೆ ಕಂಡ ನಸೂಹ್, ಎದ್ದವನೇ ಸಂಸಾರವನ್ನು ಸರಿಪಡಿಸಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಕವಿ, ಬಗ್ಗುವುದಿಲ್ಲ, ಮನೆ ಬಿಡುತ್ತಾನೆ. ತಂದೆ ಅವನ ಪುಸ್ತಕಗಳನ್ನೆಲ್ಲ ಸುಡುತ್ತಾನೆ. ಆ ಅಧ್ಯಾಯ ಓದಿದ ಯಾವ ಉರ್ದು ಓದುಗನೂ ನಸೂಹ್‌ನ ಪರ ನಿಂತದ್ದನ್ನು ನಾವು ಕಂಡಿಲ್ಲ. ಎಲ್ಲರಿಗೂ ಕರುಳು ಚುರ್ ಎನ್ನುವುದು ಕಲೀಮ್‌ನಿಗೆ, ಆ ಪುಸ್ತಕಗಳ ಕಪಾಟಿಗೆ. ಅಲ್ಲಿಯೂ ಬರೆದ ಕೈ ಉಪದೇಶಕ್ಕೆ ದ್ರೋಹ ಬಗೆಯಿತು.

ಆಲ್ಕಾಟ್‌ಳ ಒಲೆಗೂ ಒಂದು ಹಿನ್ನೆಲೆಯಿದೆ. ಜೋ ಸುಟ್ಟ ಆ ಬಗೆಯ ಕಥೆಗಳನ್ನು ಅವಳೇ ಎ. ಎಂ. ಬರ್ನಾರ್ಡ್ ಎಂಬ ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದಳು. ಸೇಡು, ಒಳಸಂಚು, ಗಂಡಸರನ್ನು ಕುಣಿಸುವ ಹೆಂಗಸರು, ಎಲ್ಲವೂ ಅವುಗಳಲ್ಲಿ. ಲಿಯೋನಾ ರೋಸ್ಟನ್‌ಬರ್ಗ್ ಎಂಬ ಸಂಶೋಧಕಿ 1943ರಲ್ಲಿ ಈ ಗುಟ್ಟನ್ನು ಬಯಲು ಮಾಡುವವರೆಗೆ ಲೋಕಕ್ಕೆ ಆಲ್ಕಾಟ್ ಎಂದರೆ ಮಕ್ಕಳ ಒಳ್ಳೆಯ ಆಂಟಿ.

ಮುಂದಿನದು ಇನ್ನೂ ವಿಚಿತ್ರ. 1871ರಲ್ಲಿ ಆಲ್ಕಾಟ್ 'ಲಿಟ್ಲ್ ಮೆನ್' ಬರೆದಳು. ಜೋ ಈಗ ಮಿಸೆಸ್ ಬಾಯರ್, ಪ್ಲಮ್‌ಫೀಲ್ಡ್ ಎಂಬಲ್ಲಿ ಗಂಡನೊಡನೆ ಶಾಲೆ ನಡೆಸುತ್ತಾಳೆ. 1872ರ ಸುಮಾರಿಗೆ ನಜೀರ್ ಅಹ್ಮದ್ 'ಬನಾತುನ್ನಾಶ್' ಬರೆದರು. ಅಸ್ಗರಿ ಹಿಂದಿನ ಪುಸ್ತಕದಲ್ಲಿ ತೆರೆದ ಹುಡುಗಿಯರ ಶಾಲೆ ಇದರಲ್ಲಿ ಇಡೀ ಪುಸ್ತಕವನ್ನೇ ಆವರಿಸುತ್ತದೆ. ಸಿರಿವಂತರ ಹಟಮಾರಿ ಮಗಳು ಹುಸ್ನ್ ಆರಾಳನ್ನು ತಿದ್ದುವುದೇ ಕಥೆ, ಉಳಿದದ್ದೆಲ್ಲ ಭೂಗೋಳ, ವಿಜ್ಞಾನ, ಲೆಕ್ಕ. ಎರಡು ಖಂಡಗಳಲ್ಲಿ ಒಂದೇ ಹೊತ್ತಿಗೆ ಇಬ್ಬರು ನಾಯಕಿಯರನ್ನು ಟೀಚರ್ ಮಾಡಿ ಮೇಜಿನ ಹಿಂದೆ ಕೂರಿಸಿದರು. ಹೆಣ್ಣು ಶಾಲೆ ತೆರೆಯುವುದು ದೊಡ್ಡ ಮಾತು, ಅದನ್ನು ನಾವು ಕಡೆಗಣಿಸುವುದಿಲ್ಲ. ದಿಲ್ಲಿಯ ಪರದೆಯ ಮನೆಯೊಳಗೆ ಹುಡುಗಿಯರ ಶಾಲೆಯನ್ನು ಕಲ್ಪಿಸಿದ್ದೇ ಒಂದು ಕ್ರಾಂತಿ. ಆದರೆ ಕಾದಂಬರಿಯಾಗಿ ಓದಿದರೆ 'ಬನಾತುನ್ನಾಶ್' ಬಾಯಿ ಒಣಗಿಸುತ್ತದೆ. ಅಕ್ಬರಿಯಿಲ್ಲದ ಮನೆ ಅದು.

'ಲಿಟ್ಲ್ ಮೆನ್'ನಲ್ಲಿ ಒಂದು ದೃಶ್ಯವಿದೆ. ನ್ಯಾನ್ ಎಂಬ ತುಂಟ ಹುಡುಗಿ ಹೇಳದೆ ಕೇಳದೆ ಓಡಿಹೋಗಿ ಕಳೆದುಹೋಗುತ್ತಾಳೆ. ಸಿಕ್ಕಿದ ಮೇಲೆ ಜೋ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಕೋಣೆಯಲ್ಲಿ ಕೂರಿಸುತ್ತಾಳೆ. ಚಿಕ್ಕಂದಿನಲ್ಲಿ ತಾನು ಓಡಿಹೋದಾಗ ತನ್ನ ತಾಯಿಯೂ ಹೀಗೆಯೇ ಕಟ್ಟಿದ್ದಳು ಎಂದು ಸಮಾಧಾನ ಬೇರೆ. ಕಟ್ಟಿಸಿಕೊಂಡವಳೇ ಕಟ್ಟುವವಳಾಗುವುದನ್ನು ಇಷ್ಟು ಸರಳವಾಗಿ ತೋರಿಸಿದ ಪುಟ ನಮ್ಮ ಎಷ್ಟು ಸಾಮಾಜಿಕ ಕಾದಂಬರಿಗಳಲ್ಲಿದೆ? ಅತ್ತೆ ಸೊಸೆಯರ ಮನೆಗಳಿಂದ ಬಂದ ನಮಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ.

ಅಸಲಿಗೆ ಈ ಸುಧಾರಣೆಯ ಪುಸ್ತಕಗಳೂ ಅಪಾಯಕಾರಿ ಎಂದು ಕೆಲವರಿಗೆ ಬೇಗ ಗೊತ್ತಾಗಿತ್ತು. ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಿಹಿಶ್ತಿ ಜೇವರ್' ನಮ್ಮ ಎಷ್ಟೋ ಮನೆಗಳಲ್ಲಿ ಮದುಮಗಳಿಗೆ ಕೊಟ್ಟು ಕಳಿಸುವ ಪುಸ್ತಕ. ಹೆಣ್ಣುಮಕ್ಕಳು ಓದಬಾರದ ಪುಸ್ತಕಗಳ ಒಂದು ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿ 'ಮಿರಾತುಲ್ ಉರೂಸ್' ಕೂಡ ಇದೆ, 'ಬನಾತುನ್ನಾಶ್' ಕೂಡ ಇದೆ. ವಿವೇಕದ ಮಾತುಗಳ ಜೊತೆಗೆ ದೀನ್ ಸಡಿಲವಾಗುವ ಮಾತುಗಳೂ ಇವೆ ಎಂಬುದು ಆಕ್ಷೇಪ. ನಾವು ಮೌಲಾನಾರ ತೀರ್ಪನ್ನು ಒಪ್ಪುವುದಿಲ್ಲ. ಆದರೆ ಪುಸ್ತಕ ಎಂದರೆ ಏನೋ ಮಾಡಿಬಿಡುತ್ತದೆ ಎಂದು ಅವರು ಗುರುತಿಸಿದ್ದರು. ಬಹುಮಾನ ಹಂಚುವ ನಮ್ಮ ಸಮಿತಿಗಳಿಗೆ ಪುಸ್ತಕದ ಮೇಲೆ ಅಷ್ಟೂ ಗೌರವವಿಲ್ಲ.

ನಿಷೇಧಿಸುವವನಿಗಿಂತ ತಿದ್ದುವವನು ಹೆಚ್ಚು ಕೆಡುಕ. ನಿಷೇಧಿಸಿದ್ದನ್ನು ಕದ್ದು ಓದಬಹುದು, ತಿದ್ದಿದ್ದನ್ನು ತಿದ್ದಿದ್ದು ಎಂದು ತಿಳಿಯದೆಯೇ ಓದುತ್ತೇವೆ. 2006ರಲ್ಲಿ ಟರ್ಕಿಯಲ್ಲಿ ನಡೆದದ್ದು ನೆನಪಿಸಿಕೊಳ್ಳಿ. ಶಿಕ್ಷಣ ಇಲಾಖೆ ಶಾಲಾ ಮಕ್ಕಳಿಗೆ 100 ಕೃತಿಗಳ ಪಟ್ಟಿ ಕೊಟ್ಟಿತ್ತು. ಕೆಲವು ಪ್ರಕಾಶಕರು ಅವಸರದಲ್ಲಿ ತಮ್ಮದೇ ಅನುವಾದಗಳನ್ನು ಹೊರತಂದರು. ಅವುಗಳಲ್ಲಿ ಪಿನೋಕಿಯೊ ಅಲ್ಲಾಹನ ಹೆಸರಿನಲ್ಲಿ ರೊಟ್ಟಿ ಬೇಡುತ್ತಾನೆ, ಹೈದಿ ಪಾಲಿಯಾನರ ಬಾಯಲ್ಲೂ ಅನುವಾದಕರು ತಮ್ಮ ಧಾರ್ಮಿಕ ಮಾತುಗಳನ್ನು ತುರುಕಿದ್ದಾರೆ ಎಂದು 'ರಾದಿಕಲ್' ಪತ್ರಿಕೆ ಬಯಲಿಗೆಳೆಯಿತು. ಸರ್ಕಾರವೇ ಆಕ್ಷೇಪಿಸಬೇಕಾಯಿತು. ಮುಸ್ಲಿಮರಾದ ನಮಗೆ ಇದರಿಂದ ಖುಷಿಯಾಗಬೇಕೇ? ಸ್ವಿಸ್ ಬೆಟ್ಟದ ಹೈದಿ ತನ್ನ ದೇವರನ್ನು ತನ್ನ ಭಾಷೆಯಲ್ಲಿ ಪ್ರಾರ್ಥಿಸಿದರೆ ನಮ್ಮ ಮಗುವಿನ ಈಮಾನ್ ಕರಗಿ ಹೋಗುತ್ತದೆಯೇ? ಅಷ್ಟು ತೆಳ್ಳಗಿನ ಈಮಾನನ್ನು ಯಾವ ಅನುವಾದವೂ ಕಾಪಾಡಲಾರದು. ಇನ್ನೊಬ್ಬರ ಮನೆಯಲ್ಲಿ ಇನ್ನೊಬ್ಬರ ಪ್ರಾರ್ಥನೆಯನ್ನು ಅದಬಿನಿಂದ ಕೇಳಿಸಿಕೊಳ್ಳುವುದನ್ನು ಮಗು ಕಲಿಯುವುದೇ ಇಂಥ ಪುಸ್ತಕಗಳಿಂದ.

ಕತ್ತರಿ ನಮ್ಮವರ ಕೈಯಲ್ಲಿ ಮಾತ್ರ ಇದೆ ಎಂದೇನಲ್ಲ. 'ಲಿಟ್ಲ್ ವಿಮೆನ್'ನ ಎರಡು ಭಾಗಗಳನ್ನು ಸೇರಿಸಿ 1880ರ ಸುಮಾರಿಗೆ ಮತ್ತೆ ಅಚ್ಚು ಹಾಕಿದಾಗ ಅವಳದೇ ಪ್ರಕಾಶನದವರು ಜೋಳ ಒರಟು ಬೀದಿಮಾತನ್ನು ನಯ ಮಾಡಿದರು. ತಲೆಮಾರುಗಳು ಓದಿದ್ದು ಆ ನಯವಾದ ಪಾಠವನ್ನೇ. ಇಷ್ಟಾದರೂ ಜೋ ಸಾಯಲಿಲ್ಲ. 2019ರ ಸಿನಿಮಾದಲ್ಲಿ ಗ್ರೆಟಾ ಗರ್ವಿಗ್ ಜೋಳ ಮದುವೆಯನ್ನು ಪ್ರಕಾಶಕನೊಡನೆ ನಡೆದ ಚೌಕಾಸಿಯಾಗಿಯೇ ತೋರಿಸಿದಳು. ಆಲ್ಕಾಟ್ ನುಂಗಿಕೊಂಡ ಮಾತು ನೂರೈವತ್ತು ವರ್ಷಗಳ ನಂತರ ಹೊರಬಂತು.

ಕನ್ನಡದಲ್ಲೂ ಈ ಜಾತಿಯ ಪುಸ್ತಕವಿಲ್ಲದೆ ಇಲ್ಲ. ಅದು ಮಕ್ಕಳಿಗೆ ಬರೆದದ್ದಲ್ಲ, ಆದರೆ ಉದ್ಧಾರದ ಕಥೆಯೇ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 'ಸದ್ಧರ್ಮ ವಿಜಯ' ಎಂಬ ಇನ್ನೊಂದು ಹೆಸರೂ ಅದಕ್ಕಿದೆ. ಬಾಲವಿಧವೆ ಓದಿ ಮರುಮದುವೆಯಾಗುವ ಕಥೆ ಎಂದು ಎಲ್ಲರೂ ಹೇಳುತ್ತಾರೆ. ಆ ಸದ್ಧರ್ಮ ಗೆಲ್ಲಬೇಕಾದರೆ ಹುಡುಗಿ ಮೊದಲು ತಂದೆತಾಯಿಯ ಮಾತು ಮೀರಿ ಮನೆ ಬಿಟ್ಟು ಓಡಬೇಕಾಯಿತು ಎಂಬುದನ್ನು ಎಷ್ಟು ಜನ ಹೇಳುತ್ತಾರೆ?

ಹಾಗಾಗಿ ನಮ್ಮ ಕೋರಿಕೆ ಸಣ್ಣದು. ಮಕ್ಕಳಿಗೆ ಈ ಪುಸ್ತಕಗಳನ್ನು ಖಂಡಿತ ಕೊಡಿ, ಪೂರ್ತಿ ಕೊಡಿ. ದಪ್ಪವಾಯಿತು ಎಂದು ಹೆದರಬೇಡಿ, ಹ್ಯಾರಿ ಪಾಟರ್‌ನ ಏಳು ಸಂಪುಟ ಓದಿದ ಮಕ್ಕಳಿಗೆ ದಪ್ಪದ ಭಯವಿಲ್ಲ. ಕನ್ನಡಕ್ಕೆ ತರುವವರು ಬೆತ್‌ಳನ್ನು ಸಾಯಲು ಬಿಡಿ, ತಾಯಿಯ ಸಿಟ್ಟನ್ನು ಉಳಿಸಿ, ಅಸ್ಗರಿಯ ಮಕ್ಕಳ ಗೋರಿಗಳನ್ನು ಮುಚ್ಚಬೇಡಿ, ಅಕ್ಬರಿಯ ಬಾಯಿಗೆ ಬಟ್ಟೆ ತುರುಕಬೇಡಿ. ಕೊನೆಯ ಪುಟದ ಆ ಪ್ರಶ್ನೆಯನ್ನು ಹರಿದು ಬಿಸಾಡಿ. ಮನೆಯಲ್ಲಿ ಹೆಣ್ಣುಮಗು ಪುಸ್ತಕ ಮುಚ್ಚಿಟ್ಟು, ಹುಮ್ಮೆಲ್ ಮನೆಗೆ ದೊಡ್ಡವರು ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಉತ್ತರ ಕೊಡಲು ತಯಾರಿರಿ. ಮರುದಿನ ಅದೇ ದನಿಯಲ್ಲಿ, ಅಣ್ಣನನ್ನು ಕಾಲೇಜಿಗೆ ಕಳಿಸಿದಿರಿ, ನನ್ನನ್ನೇಕೆ ಕಳಿಸುವುದಿಲ್ಲ ಎಂದೂ ಅವಳು ಕೇಳಬಹುದು.

ಆಲ್ಕಾಟ್‌ಳಿಗಂತೂ ಈ ಮುಂದಿನ ಭಾಗಗಳು ಸಾಕುಸಾಕಾಗಿದ್ದವು. 1886ರ 'ಜೋಸ್ ಬಾಯ್ಸ್' ಮುಗಿಸುವಾಗ, ಒಂದು ಭೂಕಂಪ ತರಿಸಿ ಪ್ಲಮ್‌ಫೀಲ್ಡನ್ನು ಸುತ್ತಲಿನ ನೆಲದ ಸಮೇತ ಪಾತಾಳಕ್ಕೆ ಇಳಿಸಿಬಿಡುವ ಆಸೆಯಾಗುತ್ತಿದೆ ಎಂದು ಅವಳೇ ಕಥೆಯೊಳಗೆ ಬಂದು ಹೇಳಿಬಿಡುತ್ತಾಳೆ. ಭೂಕಂಪ ಬರಲಿಲ್ಲ. ಆದರೆ ಆ ಪುಸ್ತಕದಲ್ಲಿ ನ್ಯಾನ್ ಬೆಳೆದು ದೊಡ್ಡವಳಾಗಿದ್ದಾಳೆ. ಅವಳ ಹಿಂದೆ ಬಿದ್ದು, ಅವಳನ್ನು ಒಲಿಸಲೆಂದೇ ವೈದ್ಯಶಾಸ್ತ್ರ ಓದಲು ಹೊರಟ ಟಾಮಿ ಕೊನೆಗೆ ಬೇರೊಬ್ಬಳನ್ನು ಮೆಚ್ಚಿ ಓದನ್ನೂ ಬಿಡುತ್ತಾನೆ. ನ್ಯಾನ್ ನಿಟ್ಟುಸಿರು ಬಿಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ. ಹಗ್ಗ ಕಟ್ಟಿಸಿಕೊಂಡಿದ್ದ ಆ ಹುಡುಗಿ ಡಾಕ್ಟರಾಗುತ್ತಾಳೆ, ಮದುವೆಯಾಗುವುದಿಲ್ಲ.